ಉಪ್ಪುನೀರಿಗೆ ಇಳಿದ ಕರಡಿಗೆ

ಬಸವೇಶ್ವರನಗರ, ಬೆಂಗಳೂರು
ಮಾರ್ಚ್ ೧೨, ೨೦೨೫, ಬುಧವಾರ

ಸಮಾರಂಭದ ಅಧ್ಯಕ್ಷತೆ ವಹಿಸಿರುವ ನಮ್ಮಮ್ಮ ಶ್ರೀಮತಿ ಕಮಲಾಕ್ಷಮ್ಮನವರೇ, ಅವರ ಎಡಕ್ಕೆ ಆಸೀನವಾಗಿರುವ ಹುಣಸೆಹಣ್ಣಿನ ಮೊರವೇ, ಗೋಡೆಯ ಮೇಲಿಂದ ಕನ್ನಡಕದೊಳಗಿಂದಲೇ ನೋಡುತ್ತಿರುವ ನಮ್ಮಪ್ಪ ದಿವಂಗತ ಬಸವಲಿಂಗಪ್ಪನವರೇ, ಹಾಗೂ ಎಂದಿನಂತೆ ಈ ಸಭೆಗೂ ತಡಮಾಡಿರುವ ಮುಖ್ಯ ಅತಿಥಿಗಳೇ,

ಪ್ರೀತಿಯ ಉದಯ,

ಹೇಗಿದೀಯ ಕಣೋ? ಸಮುದ್ರದಲ್ಲಿ ಮುಳುಗಿ ಎರಡು ವರ್ಷವಾದ ತಮ್ಮನ ಆರೋಗ್ಯ ವಿಚಾರಿಸುವುದು ಹೇಗೆಂದು ನನಗೆ ಬಿ.ಎ.ಯಲ್ಲಿ ಯಾರೂ ಹೇಳಿಕೊಡಲಿಲ್ಲ. ಆದರೆ ‘ಮೊದಲು ಚೆನ್ನಾಗಿದೀಯಾ ಅಂತ ಕೇಳೇ, ಆಮೇಲೆ ನಿನ್ನ ಪುರಾಣ’ ಅಂತ ಅಮ್ಮನ ಅಪ್ಪಣೆ. ಪಕ್ಕದಲ್ಲೇ ಕೂತು ಹುಣಸೆಬೀಜ ಬಿಡಿಸುತ್ತಿದ್ದಾಳೆ. ಕಣ್ಣಿನ ಪೊರೆ ಬಲಿತು ಅವಳಿಗೀಗ ಓದೋಕೆ ಆಗೋದಿಲ್ಲ. ಹಾಗಾಗಿ ಒಂದೊಂದು ಸಾಲು ಬರೆದಹಾಗೂ ನಾನು ಗಟ್ಟಿಯಾಗಿ ಓದಿ ಹೇಳಬೇಕು. ಮುಗಿದ ಮೇಲೆ ಕಾಗದ ದೇವರ ಜಗುಲಿಯಲ್ಲಿ ನಿನ್ನ ಫೋಟೊ ಹಿಂದೆ ಹೋಗುತ್ತದಂತೆ. ಅಂಚೆಚೀಟಿ ಉಳೀತು.

ಸಮಾಚಾರ ಏನಪ್ಪಾ ಅಂದರೆ, ನಾನೂ ನಿನ್ನ ಭಾವನೂ ಮಾಲ್ಡೀವ್ಸಿಗೆ ಹೋಗಿಬಂದೆವು. ನೀನು ಮುಳುಗಿದ ಕಡಲಿಗೇ, ನೀನು ಹೋಗಿದ್ದಂಥದೇ ಪ್ರವಾಸ. ಹಡಗಿನಲ್ಲೇ ಉಣ್ಣೋದು, ಅಲ್ಲೇ ಮಲಗೋದು, ಎದ್ದು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಇಳಿಯೋದು. ನೆಂಟರಿಗೆಲ್ಲ ಮದುವೆಯಾಗಿ ಇಪ್ಪತ್ತು ವರ್ಷವಾದ ಸಂಭ್ರಮ ಅಂದೆವು. ಯಶೋದಮ್ಮತ್ತೆ, ‘ಮೀನು ತಿನ್ನದ ಜನ ಮೀನು ನೋಡೋಕೆ ಅಷ್ಟು ದೂರ ಹೋಗ್ತಾರೇನೇ?’ ಅಂದರು. ನಗುತ್ತಾ ಕಾಫಿ ತರೋಕೆ ಎದ್ದೆ.

ನಿಜವಾದ ಉತ್ತರ ನಿನ್ನ ಇಷ್ಟಲಿಂಗ. ಸ್ನಾನ ಮಾಡುವಾಗಲೂ ನೀನದನ್ನು ಕೊರಳಿಂದ ತೆಗೆದವನಲ್ಲ. ಪ್ರವಾಸಕ್ಕೆ ಹೊರಟಾಗ ಅಮ್ಮ, ‘ಉಪ್ಪುನೀರು ಕಣೋ, ಶಿವದಾರ ಹರಿದು ಲಿಂಗ ಕಳೆದುಹೋದರೆ ಏನು ಗತಿ, ಬಿಚ್ಚಿಟ್ಟು ಹೋಗು’ ಅಂದಳು. ಹುಟ್ಟಿದಾರಭ್ಯ ಕೇಳದವನು ಅವತ್ತೊಂದು ದಿನ ಅಮ್ಮನ ಮಾತು ಕೇಳಿದೆ. ಲಿಂಗ ಉಳೀತು. (ಇದನ್ನೂ ಬರಿ ಅಂತ ಅವಳೇ ಹೇಳಿದ್ದು. ತಲೆ ಎತ್ತದೆ ಹೇಳಿದಳು.) ಅಪ್ಪನನ್ನು ಮಣ್ಣು ಮಾಡುವಾಗ ಅವರ ಲಿಂಗವನ್ನು ಅವರ ಎಡಗೈಯಲ್ಲೇ ಇಟ್ಟೆವು, ನಮ್ಮಲ್ಲಿ ಎಲ್ಲರಿಗೂ ಇಡುವ ಹಾಗೆ. ನಿನ್ನ ದೇಹವೇ ಸಿಗಲಿಲ್ಲ. ಎರಡು ವರ್ಷ ಅಮ್ಮ ತನ್ನ ಲಿಂಗದ ಜೊತೆ ನಿನ್ನದನ್ನೂ ತೊಳೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಆಮೇಲೆ ತಟ್ಟೆ ಮುಂದೆ ಕೂತು ಎರಡು ತುತ್ತಿಗೆ ಏಳೋಳು. ಈ ಸಂಕ್ರಾಂತಿಯ ದಿನ ಎಳ್ಳುಬೆಲ್ಲದ ಬದಲು ನಿನ್ನ ಬೆಳ್ಳಿ ಕರಡಿಗೆಯನ್ನು ಲಿಂಗದ ಸಮೇತ ನನ್ನ ಕೈಗಿಟ್ಟಳು. ‘ಹೋಗಿ ಕೊಟ್ಟು ಬಾ ಪ್ರಭಾ. ಬರಿಗೈಲಿ ಮಲಗಿದಾನೆ’ ಅಂದಳು.

ಹೀಗೆ ಬಕೆಟ್ ನೀರಿಗೂ ಬೆಚ್ಚುವ ನಿನ್ನ ಭಾವ ಸಿದ್ದಲಿಂಗೇಶ್ ವಿಜಯನಗರದ ಈಜುಕೊಳದಲ್ಲಿ ಎಳೆಮಕ್ಕಳ ನಡುವೆ ಕೈಕಾಲು ಬಡಿದರು. ‘ಈಜು ಕಲಿತೆವು ವಿಜಯನಗರದ ಕೊಳದಲಿ, ಮೋಜು ಮರೆತೆವು ಮಾಲ್ಡೀವ್ಸಿನ ತಳದಲಿ’ ಅಂತ ಕಟ್ಟಿದೆ. ನೀನಿದ್ದಿದ್ದರೆ ‘ಪ್ರಾಸ ಸಾಕು ಅಕ್ಕಾ, ಪಾಯಸ ಹಾಕು’ ಅನ್ನುತ್ತಿದ್ದೆ.

ಹಡಗಿನ ಅಡುಗೆಯವರು ದಿನಾ ಮೀನು ಬೇಯಿಸಿದರು, ನಾವು ದಿನಾ ಖಡಕ್ ರೊಟ್ಟಿ ಶೇಂಗಾ ಚಟ್ನಿ ಮುರಿದೆವು. ಹಡಗಿನವರೆಲ್ಲ ಒಂದೊಂದು ಚೂರು ಬೇಡಿ ತಿಂದರು. ನೀರಿಗಿಳಿಯುವ ಮುಂಚೆ ನಮ್ಮ ಗೈಡು ಕೊರಳಲ್ಲಿ ಏನೂ ನೇತಾಡಬಾರದು, ತೆಗೆದಿಡಿ ಅಂದ. ನನ್ನ ಕೊರಳಲ್ಲಿ ಎರಡು ಲಿಂಗವಿದ್ದವು, ನನ್ನದೂ ನಿನ್ನದೂ. ನನಗೆ ಇದ್ದಕ್ಕಿದ್ದಂತೆ ಅಮ್ಮನ ದನಿ ಕೇಳಿಸಿತು, ಬಿಚ್ಚಿಟ್ಟು ಹೋಗು. ಎರಡನ್ನೂ ಅಂಗೈಯಲ್ಲಿ ಮುಚ್ಚಿಕೊಂಡೆ. ಭಾವ ಅಡ್ಡ ಬಂದು, ‘ದಿಸ್ ಈಸ್ ಗಾಡ್ ಸಾರ್, ನಾಟ್ ಜ್ಯುವೆಲರಿ’ ಅಂದರು. ಗೈಡು ಇಬ್ಬರ ಮುಖವನ್ನೂ ನೋಡಿ, ಹಾಗಾದರೆ ದೇವರು ಬಟ್ಟೆಯ ಒಳಗಿರಲಿ ಅಂದ.

ನೀರಿನ ಕೆಳಗೆ ಎಷ್ಟು ಚೆನ್ನಾಗಿದೆ ಅಂತ ನಿನಗೆ ಹೇಳೋದೇನು. ಹಳದಿ ಮೀನಿನ ಗುಂಪು ನಮ್ಮ ಸುತ್ತ ಸಂತೆ ಕಟ್ಟಿತು. ಆದರೆ ಕೆಳಗಿಳಿದರೆ ಕೇಳಿಸೋದು ನಮ್ಮ ಉಸಿರೊಂದೇ ಅಂತ ಕಲಿಸಿಕೊಟ್ಟಿದ್ದರು. ನನಗೆ ಹಾಗಾಗಲಿಲ್ಲ. ನಾನು ಉಸಿರು ಬಿಟ್ಟು ಎಳೆದುಕೊಳ್ಳುವ ಮುಂಚಿನ ಒಂದು ಚೂರು ಜಾಗದಲ್ಲಿ ಇನ್ನೊಂದು ಸದ್ದು. ಉಸಿರು ಹಿಡಿದು ಆಲಿಸಬಾರದು, ಅಪಾಯ ಅಂದಿದ್ದರು. ಹಿಡಿದೆ. ಟಕ ಟಕ ಎಳೆದು, ಕೊನೆಗೊಂದು ಸೀಟಿ. ಈ ಮನೆಯ ಒಂದೇ ಕೋಣೆಯಲ್ಲಿ ಮಲಗಿ ಬೆಳೆದವಳಿಗೆ ನಿನ್ನ ಗೊರಕೆ ಗೊತ್ತಾಗೋಲ್ಲವೇ? ‘ಬಿನ್ನಿ ಮಿಲ್ಲು ಮುಚ್ಚಿದರೂ ಇವನ ಮೂಗಿನ ಮಗ್ಗ ನಿಲ್ಲಲಿಲ್ಲ’ ಅಂತ ಅಪ್ಪ ಅನ್ನುತ್ತಿದ್ದರಲ್ಲ, ಅದೇ ಮಗ್ಗ. ಇಳಿದಾಗಲೆಲ್ಲ ಕೇಳಿಸಿತು. ನಿನ್ನ ಭಾವನಿಗೆ ಕೇಳಿಸಲಿಲ್ಲ. ಅವರಿಗೆ ಅವರ ಎದೆ ಬಡಿತದ ಗಲಾಟೆಯೇ ಸಾಕಾಗಿತ್ತಂತೆ.

ಕೊನೆಯ ದಿನ ಗೈಡು ನೀನು ಕಾಣೆಯಾದ, ನೀರೊಳಗಿನ ಹವಳದ ದಿಬ್ಬಕ್ಕೆ ಕರೆದುಕೊಂಡು ಹೋದ. ನಾನು ನಿನ್ನ ಲಿಂಗವನ್ನು ಕರಡಿಗೆಯಿಂದ ತೆಗೆದು ಮುಷ್ಟಿಯಲ್ಲಿ ಹಿಡಿದು ಇಳಿದೆ. ತಳದ ಮರಳಲ್ಲಿ ಮಂಡಿಯೂರಿದೆ. ನಿನ್ನ ಭಾವ, ನಮ್ಮಿಬ್ಬರ ಮಧ್ಯೆ ತಾನೇಕೆ ಅಂತಲೋ ಏನೋ, ಬೆನ್ನು ತಿರುಗಿಸಿ ನಿಂತರು. ದಿಬ್ಬದ ಅಂಚಿನಾಚೆ ನೀಲಿ ಕಪ್ಪಾಗುತ್ತಿತ್ತು. ಮಗ್ಗದ ಸದ್ದು ಅಲ್ಲಿಂದಲೇ. ಪೂಜೆಗೆ ಹಿಡಿಯುವ ಹಾಗೆ ಎಡಗೈ ಮುಂದೆ ಚಾಚಿ ಅಂಗೈ ತೆರೆದೆ. ಲಿಂಗ ಜಾರಿ ನಿನ್ನ ಕಡೆಗೆ ಇಳಿಯಿತು. ಸದ್ದು ನಿಂತಿತು.

(ಈ ಸಾಲನ್ನು ಅಮ್ಮ ಮತ್ತೆ ಓದಿಸಿದಳು. ‘ನಿಂತಿತಾ?’ ಅಂದಳು. ನಿಂತಿತು ಅಂದೆ. ನಾವು ವಾಪಸು ಬಂದ ದಿನದಿಂದ ಅವಳು ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆ ಉದಯ, ಇವತ್ತು ಎರಡನೇ ಸಲ ಸಾರು ಕೇಳಿದಳು.)

ಅಮ್ಮನ ಆಶೀರ್ವಾದ ತಗೋ. ಭಾವ ನಿನ್ನನ್ನು ಕೇಳಿದರು ಅಂತ ತಿಳಿ. ತಣ್ಣನೆ ನೀರಲ್ಲಿ ತುಂಬ ಹೊತ್ತು ಇರಬೇಡ, ನೆಗಡಿ ಆಗುತ್ತೆ ಅಂತ ಅಮ್ಮ ಬರೆಸುತ್ತಿದ್ದಾಳೆ. ಅಲ್ಲಿ ನೀರು ಬೆಚ್ಚಗಿದೆ ಅಂದರೂ ಕೇಳಲಿಲ್ಲ.

ಇಂತಿ,
ಪ್ರಾಸದ ಕಾಟದ, ಪಾಯಸದ ಪಾಲಿನ
ಅಕ್ಕ ಪ್ರಭಾ

ತಾ.ಕ.: ಕುಕ್ಕರ್ ಕೂಗಿತು, ಅಮ್ಮ ಒಳಗೆ ಹೋದಳು. ಇದನ್ನು ಓದಿ ಹೇಳೋದಿಲ್ಲ. ಅಂಗೈ ತೆರೆಯಲಿಲ್ಲ ಕಣೋ. ಕೊಟ್ಟುಬಿಟ್ಟಿದ್ದರೆ ನಾನೇ ನಿನ್ನನ್ನು ಮಣ್ಣು ಮಾಡಿದ ಹಾಗಾಗುತ್ತಿತ್ತು. ಬಿಗಿಮುಷ್ಟಿಯಲ್ಲೇ ಮೇಲೆ ಬಂದೆ, ಭಾವನಿಗೂ ಹೇಳಿಲ್ಲ. ಮಗ್ಗವೂ ನಿಂತಿಲ್ಲ. ಮೊನ್ನೆ ಮಧ್ಯಾಹ್ನ ಅಮ್ಮ, ‘ಅಳಿಯಂದಿರು ಇಷ್ಟು ಜೋರಾಗಿ ಗೊರಕೆ ಹೊಡೀತಾರೇನೇ?’ ಅಂದಳು. ನಿನ್ನ ಭಾವ ಆಗ ಕೆಂಗೇರಿಯಲ್ಲಿ, ಆಫೀಸಿನಲ್ಲಿದ್ದರು. ನಾನು ಹೂಂ ಅಂದೆ. ನಿನ್ನದು ನನ್ನ ಕೊರಳಲ್ಲಿ, ನನ್ನದರ ಪಕ್ಕದಲ್ಲೇ ಇದೆ. ಅಮ್ಮನಿಗೆ ಗೊತ್ತಾಗುವ ಮುಂಚೆ ಬಂದು ತಗೊಂಡು ಹೋಗು.