ಹುಳು ಜ್ವರಕ್ಕೆ ಕೂತಾಗ ಬಂದ ಹೊಳೆ

ಮುಳ್ಳೂರು, ಕೊಳ್ಳೇಗಾಲ ತಾಲ್ಲೂಕು
ಆಗಸ್ಟ್ ಒಂದು, ಗುರುವಾರ ಬೆಳಿಗ್ಗೆ

ಕಂಡವರಿಗೆಲ್ಲ ಮನೆ ಕಟ್ಟಿಕೊಡುತ್ತಿರುವ ನಮ್ಮ ಯಜಮಾನರಿಗೆ ಭವ್ಯಳ ನಮಸ್ಕಾರಗಳು.

ಹೇಗಿದ್ದೀರಿ? ಕಾಲಿನ ಗಾಯ ಒಣಗಿತೇ? ಉಪ್ಪುನೀರಲ್ಲಿ ನಿಂತು ಗಾರೆ ಕಲಸಬೇಡಿ ಎಂದು ಎಷ್ಟು ಬಡಿದುಕೊಂಡರೂ ನೀವು ಕೇಳುವವರಲ್ಲ. ಸಮುದ್ರದ ದಡದಲ್ಲಿ ಮೀನಿನ ವಾಸನೆಗೆ ಊಟವೇ ಸೇರುತ್ತಿಲ್ಲ ಎಂದಿದ್ದಿರಿ. ಅದಕ್ಕೇ ಹುರುಳಿ ಚಟ್ನಿಪುಡಿ ಕಳಿಸುತ್ತಿದ್ದೇನೆ, ಜೊತೆಯವರಿಗೂ ಕೊಡಿ. ಮೊನ್ನೆಯಿಂದ ನಿಮ್ಮ ಫೋನು ಹತ್ತುತ್ತಿಲ್ಲ. ಪುಟ್ಟಸಿದ್ದಯ್ಯನವರ ಲಾರಿ ಕಿಟಕಿ ಬಾಗಿಲು ತುಂಬಿಕೊಂಡು ಇವತ್ತು ನಿಮ್ಮಲ್ಲಿಗೇ ಹೊರಟಿದೆ. "ಬರ್ದು ಮಡಗಿರವ್ವ, ಉಂಡ್ಕಂಡು ಬತ್ತೀನಿ" ಎಂದು ಮನೆಗೆ ಹೋಗಿದ್ದಾರೆ. ಅವರು ಬರುವಷ್ಟರಲ್ಲಿ ಬರೆದು ಮುಗಿಸಬೇಕು.

ವಿಷಯ ಏನೆಂದರೆ, ಹೊಳೆ ಬಂದಿದೆ. ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟಿದ್ದಾರಂತೆ. ನಿನ್ನೆ ಸಂಜೆ ನಮ್ಮ ಹಿಪ್ಪುನೇರಳೆ ತೋಟದ ಕೆಳಬದು ಮುಳುಗಿತ್ತು, ಈಗ ಗಿಡಗಳ ತುದಿಯೂ ಕಾಣುತ್ತಿಲ್ಲ. ಕೊಟ್ಟಿಗೆಗೆ ನೀರು ನುಗ್ಗಿದ ಮೇಲೆ ಹಸುವನ್ನು ಸ್ಕೂಲಿನ ಹತ್ತಿರ ಕಟ್ಟಿ ಬಂದೆ. ಪಂಚಾಯ್ತಿಯವರು ಆಟೋಗೆ ಮೈಕು ಕಟ್ಟಿಕೊಂಡು, ಎಲ್ಲರೂ ಸ್ಕೂಲಿಗೆ ಬನ್ನಿ, ಕಾಳಜಿ ಕೇಂದ್ರ ತೆರೆದಿದ್ದೇವೆ ಎಂದು ಕೂಗುತ್ತಾ ಹೋದರು. ಕೆಳಬೀದಿಯವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೊರಟರು. ನಮ್ಮ ಮನೆ ಒಂದೇ ಉಳಿದಿದೆ. ಯಾಕೆ ಗೊತ್ತೇ? ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ!

ಹೀಗೆ ಜ್ವರ ಬಂದು ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು, ಪೊರೆ ಕಳಚಲು ಕೂತ ರೇಷ್ಮೆಹುಳುವನ್ನು ಮುಟ್ಟಬಾರದು, ಅಲುಗಿಸಬಾರದು, ಹೊರಗಿನವರ ನೆರಳೂ ಒಳಗೆ ಬೀಳಬಾರದು. ಇದು ನಿಮ್ಮ ಅಮ್ಮನ ಕಾಯಿದೆ. ಮದುವೆಯಾದ ಹೊಸತರಲ್ಲಿ ಜ್ವರದ ಹೊತ್ತಿನಲ್ಲಿ ನಾನು ಬಿಂದಿಗೆ ಬೀಳಿಸಿದ್ದಕ್ಕೆ ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದು ನೆನಪಿದೆ ತಾನೆ? ಈಗ ಹಿಂದಿನ ಹುಳುಮನೆಗೆ ಒಳಗಿನಿಂದ ಚಿಲಕ ಹಾಕಿಕೊಂಡು ಕೂತಿದ್ದಾರೆ. ಪಂಚಾಯ್ತಿಯವರು ಬಂದು ಕರೆದರೆ, "ಜ್ವರ ಬುಟ್ಟು ಏಳ್ಲಿ, ಆಮ್ಯಾಕೆ ಬತ್ತೀನಿ. ಓಗ್ರಪ್ಪಾ ನೀವು" ಎಂದುಬಿಟ್ಟರು. ಹುಳುವಿನ ಜ್ವರ ಹೊಳೆಗೆ ಗೊತ್ತೇನ್ರೀ? ಆ ಹಿಂದಿನ ಗೋಡೆ ಮಣ್ಣಿನದು. ಈ ಬೇಸಿಗೆಗೆ ಇಟ್ಟಿಗೆ ಕಟ್ಟುತ್ತೇನೆ, ಬರುವ ಬೇಸಿಗೆಗೆ ಕಟ್ಟುತ್ತೇನೆ ಎಂದು ನೀವು ಹೇಳುತ್ತಲೇ ಬಂದ ಗೋಡೆ. ತೇವ ಮೊಣಕಾಲೆತ್ತರ ಏರಿದೆ, ಬೆರಳಿಟ್ಟರೆ ಮಣ್ಣು ಮೆತ್ತಗೆ ಕೈಗೆ ಬರುತ್ತದೆ. ಆ ಗೋಡೆಗೇ ಒರಗಿಕೊಂಡು ಕೂತಿದ್ದಾರೆ ಅತ್ತೆ.

ಮುಚ್ಚುಮರೆ ಯಾಕೆ, ನಿಮ್ಮ ಮೇಲೆ ಕೆಂಡದಂಥ ಕೋಪ ಬಂದಿದೆ. ಗಾಳಿಮಳೆಗೆ ಮನೆ ಕಳೆದುಕೊಂಡ ಮೀನುಗಾರರಿಗೆ ಮನೆ ಕಟ್ಟಬೇಕಂತೆ, ಗಾರೆ ಕೆಲಸದ ಜೊತೆಗೆ ತಮಿಳೂ ಬಲ್ಲವರು ಬೇಕಂತೆ ಎಂದು ನೀವು ಹೇಳಿದಾಗ ಮೊದಲು ಹೂಂ ಅಂದವಳೇ ನಾನು. ಈಗ ನಮ್ಮ ಗೋಡೆಗೆ ಒಂದು ಆಸರೆ ಕೊಡಲು ಗಾರೆಯವನು ಮನೆಯಲ್ಲಿಲ್ಲ. ಯಾರನ್ನಂತ ಬೈಯಲಿ?

ನೀವು ಈಗ ಮನೆ ಕಟ್ಟುತ್ತಿರುವ ಆ ಸೆಲ್ವಿಯಮ್ಮನ ವಿಷಯ ಬೆಳಿಗ್ಗೆಯಿಂದ ತಲೆಯಲ್ಲೇ ಸುತ್ತುತ್ತಿದೆ. ಅವರ ಗಂಡ ಬಿರುಗಾಳಿಯಲ್ಲಿ ಹೊರಗೆ ಬಂದವನು ಬಲೆ ತರುತ್ತೇನೆಂದು ತಿರುಗಿ ಹೋದ, ಮತ್ತೆ ಬರಲಿಲ್ಲ ಎಂದು ನೀವು ಫೋನಿನಲ್ಲಿ ಹೇಳಿದ ದಿನ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಿದ್ದರು. "ಬಲೆ ಓದ್ರೆ ಓಯ್ತದೆ, ದಾರ ತಂದು ಇನ್ನೊಂದ್ ಎಣ್ಕಬೌದು. ಜೀವ ಎಣಿಯಕ್ ಆಯ್ತದಾ?" ಎಂದಿದ್ದರು. ಈಗ ಬಾಗಿಲ ಸಂದಿಗೆ ಬಾಯಿಟ್ಟು ಅದೇ ಮಾತನ್ನು ಅವರಿಗೇ ಹೇಳಿ ಬಂದೆ. ಸೊಸೆಯಾಗಿ ಬಂದ ಮೇಲೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಇದೇ ಮೊದಲು. ಚಿಲಕ ಮಾತ್ರ ಇನ್ನೂ ತೆಗೆದಿಲ್ಲ.

ಲಾರಿಯ ಹಾರನ್ ಕೇಳಿಸುತ್ತಿದೆ. ಹೊಳೆಯ ಸದ್ದೂ ಜೋರಾಗಿದೆ. ಬಾಗಿಲು ಒಡೆಸಿಯಾದರೂ ಅವರನ್ನು ಕರೆದುಕೊಂಡು ಹೋಗುತ್ತೇನೆ, ನೀವು ಗಾಬರಿಯಾಗಬೇಡಿ. ಹೊತ್ತಿಗೆ ಸರಿಯಾಗಿ ಉಣ್ಣಿ, ಜೊತೆಯವರಿಗೆಲ್ಲ ಕೇಳಿದೆನೆಂದು ಹೇಳಿ. ಅಲ್ಲಿ ನಿಮ್ಮನ್ನೂ ಇಲ್ಲಿ ನಮ್ಮನ್ನೂ ಮಾದಪ್ಪ ಕಾಯಲಿ.

ನಿಮ್ಮ
ಭವ್ಯ

ವಿ.ಸೂ.: ಸ್ಕೂಲಿನ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ, ಪುಟ್ಟಸಿದ್ದಯ್ಯನವರು ಕಾಯುತ್ತಾ ನಿಂತಿದ್ದಾರೆ. ಬಾಗಿಲು ಒಡೆಸಬೇಕಾಗಲಿಲ್ಲ, "ನನ್ ಮಾತ ನಂಗೇ ಏಳ್ದಲ್ಲವ್ವ" ಎನ್ನುತ್ತಾ ಅತ್ತೆ ತಾವೇ ತೆಗೆದರು. ಹುಳುವಿನ ತಟ್ಟೆಗಳನ್ನು ಪುಟ್ಟಸಿದ್ದಯ್ಯನವರೂ ಪಂಚಾಯ್ತಿಯವರೂ ತಲೆಯ ಮೇಲೆ ಹೊತ್ತರು. "ಮೆಲ್ಲುಕ್ಕೆ ಕಣ್ರಪ್ಪಾ, ಅಲುಗುಸ್ಬ್ಯಾಡಿ" ಎಂದು ಅತ್ತೆ ಹಿಂದಿನಿಂದ ಕೂಗುತ್ತಾ ಬಂದರು. ಕೊನೆಯ ತಟ್ಟೆ ಬೀದಿಗೆ ಬರುವಷ್ಟರಲ್ಲಿ ಹಿಂದಿನ ಗೋಡೆ ಕುಸಿಯಿತು, ಅದರ ಮೇಲೆ ಇಡೀ ಮನೆಯ ಚಾವಣಿಯೂ ಬಂತು. ನಮ್ಮ ಮನೆ ಇಲ್ಲ ರೀ. ಅತ್ತೆ ಅಳಲಿಲ್ಲ. ತಟ್ಟೆಗಳ ಪಕ್ಕ ಕೂತು ನನ್ನ ಕೈಲಿ ಇದೊಂದನ್ನು ಬರೆಸುತ್ತಿದ್ದಾರೆ: "ಬಿದ್ದಂಬೀಳ ಓಡ್ಬರ್ಬ್ಯಾಡ ಮಗ. ಸೆಲ್ವಿಯಮ್ಮುನ್ ಮನೆಗೆ ತಾರಸಿ ಮೋಲ್ಡ್ ಆಕ್ಬುಟ್ಟೇ ಬಾ. ಬರೂಕ್ ಮುಂಚೆ ಆಯಮ್ಮುನ್ನ ಒಂದ್ ಮಾತು ಕೇಳ್ಕಂಡ್ ಬಾ. ಎಲ್ಲಾ ಕಳ್ಕಂಡ್ ಮಾರ್ನೆ ದಿನ ಬೆಳಿಗ್ಗೆ ಎದ್ದು, ಆಯಮ್ಮ ಮೊದ್ಲು ಏನ್ ಮಾಡುದ್ಲು ಅಂತ."