ಓಗೊಟ್ಟ ಹೆಸರು

ದೇವದುರ್ಗದ ಗದ್ದೆಮ್ಮಕ್ಕನಿಗೆ,

ರಾಯಚೂರಿನಿಂದ ಮಾಧವಿಯ ನಮಸ್ಕಾರ. ನಿಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ದಿಕ್ಕು ತಪ್ಪಿ ಕೂತಿದ್ದ ಮುದುಕಿ ಅನಸೂಯಾಬಾಯಿಯ ಮಗಳು ನಾನು. ನಿಮಗೆ ಓದು ಬಾರದೆಂದು ಗೊತ್ತು; ಮಗಳು ಅನ್ನಪೂರ್ಣ ಓದಿ ಹೇಳಲಿ. ಫೋನು ಹಚ್ಚಿಯೂ ನೋಡಿದೆ. ನಿಮ್ಮ ದನಿ ಕೇಳಿದ ಕೂಡಲೇ "ಆರಾಮ ಅದೀರೇನ್ರಿ" ಎಂದಷ್ಟೇ ಕೇಳಿ ಇಟ್ಟುಬಿಟ್ಟೆ.

ಅಮ್ಮನಿಗೆ ಈಗ ಮರೆವು; ಆ ದಿನ ಆಕೆ ಹೊರಟದ್ದು ಮಾನ್ವಿಗೆ. ಮೊದಲು ನಾವು ಅಲ್ಲಿದ್ದೆವು. ಶಾಲೆ ಬಿಡುವ ಹೊತ್ತಾಯಿತು, ಪೂರ್ಣಿಯನ್ನು ಕರಕೊಂಡು ಬರಬೇಕು ಎಂದು ಎದ್ದವಳು ದೇವದುರ್ಗದ ಬಸ್ಸು ಹತ್ತಿದ್ದಾಳೆ. ಪೂರ್ಣಿ ಎಂದರೆ ಪೂರ್ಣಶ್ರೀ, ನನ್ನ ಅಕ್ಕ. ನಾನು ಅವಳ ಲಂಗ ಜಗ್ಗುತ್ತ ಹಿಂದೆ ಹಿಂದೆ ಓಡುವ ವಯಸ್ಸಿನಲ್ಲಿದ್ದಾಗಲೇ ಜ್ವರ ಬಂದು ಮಾನ್ವಿಯ ಮನೆಯಲ್ಲಿ ತೀರಿಕೊಂಡಳು. ಆಮೇಲೆ ಯಾರೂ ಅವಳ ಹೆಸರೆತ್ತಲಿಲ್ಲ, ಗೋಡೆಗೆ ಒಂದು ಫೋಟೊ ಕೂಡ ಹಾಕಲಿಲ್ಲ. ಆದರೆ ಹಬ್ಬಕ್ಕೆ ನನಗೆ ಲಂಗ ಹೊಲಿಸಿ ಉಡಿಸುವಾಗ ಅಮ್ಮ ನನ್ನ ಪಕ್ಕಕ್ಕೆ, ನನಗಿಂತ ಒಂದು ಗೇಣು ಎತ್ತರಕ್ಕೆ ನೋಡುತ್ತಿದ್ದಳು. ಅಲ್ಲಿ ಯಾರು ನಿಂತಿದ್ದಾರೆ ಎಂದು ಕೇಳಲು ನನಗೆ ಭಯವಾಗುತ್ತಿತ್ತು.

ಅಮ್ಮ ಮಡಿಯವಳು. ಜನ್ಮದಲ್ಲಿ ಹೊರಗೆ ಒಂದು ಗುಟುಕು ಚಹಾ ಕುಡಿದವಳಲ್ಲ. ಬೀಗರ ಮನೆಗೂ ತನ್ನ ತಂಬಿಗೆಯಲ್ಲೇ ನೀರು ಒಯ್ಯುವವಳು. ಬಸ್‌ಸ್ಟ್ಯಾಂಡಿನಲ್ಲಿ ನೀವು ನೀರು ಕೊಟ್ಟಿರಿ, ಬೇಡವೆಂದಳು. ಬಾಳೆಹಣ್ಣು ತಂದಿರಿ, ಮುಟ್ಟಲಿಲ್ಲ. ಹತ್ತಿ ಬಿಡಿಸಲು ಹೊರಟಿದ್ದ ನೀವು ಅಂದಿನ ಕೆಲಸ ಬಿಟ್ಟು, ಬಿಸಿಲಿಗೆ ವಾಲುತ್ತಿದ್ದವಳನ್ನು ಹಿಡಿದು ಮನೆಗೆ ಕರೆದೊಯ್ದಿರಿ. ಅಲ್ಲಿ ಆಕೆ ನಿಮ್ಮ ಗಲ್ಲ ಹಿಡಿದು, "ಪೂರ್ಣಿ, ಕೈಕಾಲು ತೊಳಕೊಂಡಿಯೇನ?" ಎಂದಳಂತೆ. ಯಾವ ಪೂರ್ಣಿ ಎಂದು ನೀವು ಕೇಳಲಿಲ್ಲ. "ಹೂನ ಯವ್ವಾ, ತೊಳಕೊಂಡೇ ಬಂದೀನಿ. ನೀ ಉಣ್ಣು" ಎಂದಿರಿ. ನಿಮ್ಮ ಕೈಯಿಂದ ಅಮ್ಮ ಜೋಳದ ರೊಟ್ಟಿ ತಿಂದಳು.

ಕಾಣೆಯಾಗಿದ್ದಾಳೆಂದು ನಾನು ಕಳಿಸಿ, ಫೋನಿನಿಂದ ಫೋನಿಗೆ ಓಡಾಡಿದ ಅಮ್ಮನ ಫೋಟೊ ನಿಮ್ಮ ಯಜಮಾನರು ಯಂಕಣ್ಣನವರ ಕಣ್ಣಿಗೆ ಬಿದ್ದು, ಅವರು ತಿಳಿಸಿ, ನಾನು ಓಡಿ ಬಂದಾಗ ನೀವು ಬಾಗಿಲಲ್ಲಿ ಅಪರಾಧಿಯ ಹಾಗೆ ನಿಂತಿದ್ದಿರಿ. "ಅಕ್ಕಾರ, ತಪ್ಪಾತೇನ್ರಿ? ಮಡಿ ಮಂದಿ ಅಂತ ಗೊತ್ತಿದ್ದೂ ನಮ್ಮನಿ ರೊಟ್ಟಿ ಉಣಿಸಿಬಿಟ್ಟೀನಿ." ತಪ್ಪೇನಿಲ್ಲ ಎಂದೆ. ಒಳಗೆ ಹೋದರೆ ಅಮ್ಮ ನನ್ನನ್ನು ಕಂಡು ನಿಮ್ಮ ಸೆರಗು ಬಿಗಿ ಹಿಡಿದಳು. "ಪೂರ್ಣಿ, ಇವರ್ಯಾರ?" ಎಂದಳು.

ಮನೆಗೆ ಬಂದ ಮೇಲೆ ಅಮ್ಮ ತಟ್ಟೆಯ ಮುಂದೆ ಕೂತು "ಪೂರ್ಣಿ ಬರಲಿ" ಎನ್ನತೊಡಗಿದಳು. ನಾನು ಹೈಸ್ಕೂಲು ಟೀಚರು, ತಪ್ಪು ಕಂಡರೆ ತಿದ್ದದೆ ಇರಲಾರೆ. "ಪೂರ್ಣಿ ಇಲ್ಲಮ್ಮ, ಎಂದೋ ಹೋಗಿಬಿಟ್ಟಳು" ಎಂದೆ. ಅಮ್ಮನಿಗೆ ಅದು ಹೊಸ ಸುದ್ದಿ. ನೆಲ ಬಡಿದು ಅತ್ತಳು. ಮರುದಿನ ಮರೆತು ಮತ್ತೆ ಕೇಳಿದಳು, ನಾನು ಮತ್ತೆ ಹೇಳಿದೆ. ಮಾನ್ವಿಯಲ್ಲಿ ಎಂದೋ ಸತ್ತ ಅಕ್ಕ ರಾಯಚೂರಿನ ನನ್ನ ಮನೆಯಲ್ಲಿ ದಿನಾ ಸಾಯತೊಡಗಿದಳು. ಅಮ್ಮ ಉಣ್ಣುವುದನ್ನೇ ಬಿಟ್ಟಳು. ಹೀಗೇ ಆದರೆ ಬಹಳ ದಿನ ಉಳಿಯುವುದಿಲ್ಲ ಎಂದರು ಡಾಕ್ಟರು.

ನನ್ನ ಹಾಗೆ ಒಂದು "ಹೂಂ" ಎನ್ನಲು ನಿನಗೇನು ಧಾಡಿ ಎಂದು ನೀವು ಬಯ್ಯಬಹುದು. ಹೆದರಿಕೆ, ಅಕ್ಕಾ. ನಿಮಗೆ ಅದು ಯಾರದೋ ಹೆಸರು. ನಾನು ಅದಕ್ಕೆ ಓಗೊಟ್ಟರೆ ಅಮ್ಮನ ಪಾಲಿಗೆ ಮಾಧವಿ ಎನ್ನುವವಳು ಇನ್ನು ಇಲ್ಲವೇ ಇಲ್ಲ. ಕೊನೆಗೊಮ್ಮೆ ನನ್ನನ್ನು ನನ್ನ ಹೆಸರಿನಿಂದ ಕರೆಯಲಿ ಎಂಬ ಆಸೆ ನನ್ನನ್ನು ಬಿಡದು.

ನಿನ್ನೆ ಮಧ್ಯಾಹ್ನ ಅವಲಕ್ಕಿಗೆ ಮೊಸರು ಕಲಸಿ ಮುಂದಿಟ್ಟೆ. "ಪೂರ್ಣೀ..." ಎಂದು ಕೂಗಿದಳು. ಅಡಿಗೆಮನೆಯಲ್ಲಿ ನಿಂತು "ಬಂದ್ನಮ್ಮಾ" ಎಂದೆ. ಆ ದನಿ ನನ್ನದೆಂದು ನನಗೇ ಅನ್ನಿಸಲಿಲ್ಲ. ಹೋಗಿ ಎದುರಿಗೆ ಕೂತೆ. ಅಮ್ಮ ನನ್ನ ತಲೆ ಸವರಿ, ಲಗುಬಗೆಯಿಂದ ತಿನ್ನತೊಡಗಿದಳು. ಅರ್ಧಕ್ಕೆ ಕೈ ತಡೆದು ತಟ್ಟೆಯನ್ನು ನನ್ನ ಕಡೆ ಸರಿಸಿದಳು.

"ಇದು ಮಾಧವಿಗೆ ಇಡು. ಸಣ್ಣಾಕಿ ಅದಾಳ, ಹಸಿವಾದ್ರೂ ಬಾಯಿಬಿಟ್ಟು ಕೇಳಂಗಿಲ್ಲ."

"ಹೂನಮ್ಮಾ, ಕೊಡ್ತೀನಿ" ಎಂದೆ. ತಟ್ಟೆ ಎತ್ತಿಕೊಂಡು ಒಳಗೆ ಹೋಗಿ, ಒಂದು ಅಗುಳೂ ಬಿಡದೆ, ನಿಂತೇ ತಿಂದೆ.

ಹಸಿದವರಿಗೆ ನೀಡುವ ನಿಮ್ಮ ಕೈಗೆ ಎಂದೂ ಕೊರತೆ ಬಾರದಿರಲಿ.

ನಿಮ್ಮ ತಂಗಿ,
ಮಾಧವಿ