ಎಂಟು ಸೆಕೆಂಡ್

ತಿರುಮಣಿ, ಮಂಗಳವಾರ, ೧೨ ನವೆಂಬರ್

ಐಮನ್ ಬರುತ್ತಾಳೆ, ನನ್ನ ಹೆಂಡತಿ ಕೊನೆಗೂ ಇಲ್ಲಿಗೆ ಬರುತ್ತಾಳೆ! ಆನ್ ಆಗಲು ನಲವತ್ತು ಸೆಕೆಂಡ್ ಹಿಡಿಯುತ್ತಿದ್ದ ಸೋಲಾರ್ ಕಂಟ್ರೋಲರ್ ಹತ್ತರೊಳಗೆ ಆನ್ ಆದರೆ ಮಾತ್ರ ಸಂಸಾರಕ್ಕೆ ಕ್ವಾರ್ಟರ್ಸ್ ಎಂದಿದ್ದರು ನಮ್ಮ ಮ್ಯಾನೇಜರ್ ನವೀನ್‌ಕುಮಾರ್ ಸರ್. ಇವತ್ತು ಎಂಟೇ ಸೆಕೆಂಡ್. ಕ್ವಾರ್ಟರ್ಸ್ ಬೀಗದ ಕೈ ಜೇಬಿನಲ್ಲಿದೆ.

ಕಂಟ್ರೋಲರ್ ನಡೆಸಲು ನಾನು ಬರೆದ ಪ್ರೋಗ್ರಾಂ, ಅಂದರೆ ಫರ್ಮ್‌ವೇರ್, ಅದರ ಒಂದೊಂದು ಭಾಗಕ್ಕೂ 'ಎದ್ದೇಳು' ಎಂದು ಆಜ್ಞೆ ಕೊಟ್ಟು, ಉತ್ತರ ಬರುವವರೆಗೆ ಅಲ್ಲೇ ನಿಲ್ಲುತ್ತಿತ್ತು. ಶಿರಾದಲ್ಲಿ ನನ್ನ ಮದುವೆ ಕಾರ್ಡ್ ಹಂಚುವಾಗ ನಾನೂ ಹಾಗೇ ನಿಂತು, ಅಮ್ಮನ ತಂಗಿ ಗೌಸಿಯಾ ಖಾಲಾ ಕೈಲಿ ಬೈಸಿಕೊಂಡಿದ್ದೆ: "ಲೇ ಮತೀನ್, ಮನೆಮನೇಲೂ ಜವಾಬಿಗೆ ಕಾದ್ರೆ ನಿನ್ ಶಾದೀನೇ ಮುಗ್ದೋಯ್ತದೆ ಕಣ್ಲಾ. ಕಾರ್ಡ್ ಕೊಟ್ಟು ಮುಂದಿನ ಮನೆಗೆ ನಡಿ, ಬರೋರು ಅವ್ರೇ ಹೇಳ್ತಾರೆ."

ಈಗ ಫರ್ಮ್‌ವೇರೂ ಎಲ್ಲ ಭಾಗಗಳಿಗೂ ಆಜ್ಞೆ ಕೊಟ್ಟು ಮುಂದೆ ಹೋಗುತ್ತದೆ. ಉತ್ತರಗಳನ್ನು ಬಂದ ಹಾಗೆ ತೆಗೆದುಕೊಳ್ಳುತ್ತದೆ.

ಫೋನಿನಲ್ಲಿ ಹೇಳಿದರೆ ಐಮನ್, "ಸರಿ ಜೀ, ಸ್ಟೇಷನ್‌ನಲ್ಲಿ ಮಾತ್ರ ನಾನು ಇಳಿಯೋವರ್ಗೂ ನಿಂತಿರ್ಬೇಕು," ಎಂದಳು.

ಶುಕ್ರವಾರ, ಹಿಂದೂಪುರ ಸ್ಟೇಷನ್, ಬೆಂಗಳೂರಿನಿಂದ ಬರುವ ಬೆಳಗಿನ ಪ್ಯಾಸೆಂಜರ್. ಅವಳು ಇಳಿಯುವವರೆಗೂ ನಿಂತಿರುತ್ತೇನೆ.